ಕಲ್ಲಿದ್ದಲಿನ ದೊರೆಗೆ ಶಾಸನಸಭೆಯ ಕುರ್ಚಿ ಏಕೆ ಬೇಕಾಯಿತು? – ರಾಬರ್ಟ್ ಡನ್ಸ್‌ಮ್ಯೂರ್ ಕುರಿತು ಚರ್ಚೆ

ಬರ್ನಬಿ ಕನ್ನಡಿಗ
ಎಲ್ಲರಿಗೂ ನಮಸ್ಕಾರ. ಕೆನಡಾದ ಬ್ರಿಟಿಷ್ ಕೊಲಂಬಿಯಾ ಪ್ರಾಂತದಲ್ಲಿ ಬೆಳೆಯುತ್ತಿರುವ ಕನ್ನಡದ ಮಕ್ಕಳಿಗಾಗಿ ಇಲ್ಲಿನ ಇತಿಹಾಸದ ಬಗ್ಗೆ ನಾವು ಕೆಲವರು ಸಣ್ಣ ಲೇಖನಗಳನ್ನು ಬರೆಯುತ್ತಿದ್ದೇವೆ. ನನ್ನ ಪಾಲಿಗೆ ಬಂದಿರುವ ವ್ಯಕ್ತಿ ರಾಬರ್ಟ್ ಡನ್ಸ್‌ಮ್ಯೂರ್. 1825ರಲ್ಲಿ ಸ್ಕಾಟ್ಲೆಂಡಿನ ಏರ್‌ಶೈರ್‌ನಲ್ಲಿ ಹುಟ್ಟಿ, 1851ರಲ್ಲಿ ತುಪ್ಪಳದ ವ್ಯಾಪಾರಕ್ಕೆ ಹೆಸರಾದ ಬ್ರಿಟಿಷ್ ಸಂಸ್ಥೆ ಹಡ್ಸನ್ಸ್ ಬೇ ಕಂಪನಿಯ ಗಣಿ ಕೆಲಸಗಾರನಾಗಿ ವ್ಯಾಂಕೂವರ್ ದ್ವೀಪಕ್ಕೆ ಬಂದವನು. 1869ರಲ್ಲಿ ವೆಲ್ಲಿಂಗ್ಟನ್ ಎಂಬಲ್ಲಿ ಕಲ್ಲಿದ್ದಲಿನ ದಪ್ಪ ಪದರವನ್ನು ಪತ್ತೆಮಾಡಿ, ಹತ್ತು ಹದಿನೈದು ವರ್ಷಗಳಲ್ಲೇ ಪ್ರಾಂತದ ಅತಿ ಶ್ರೀಮಂತನಾದ. 1882ರಲ್ಲಿ ನನೈಮೊ ಕ್ಷೇತ್ರದಿಂದ ಪ್ರಾಂತದ ಶಾಸನಸಭೆಗೆ ಆಯ್ಕೆಯಾದ, 1886ರಲ್ಲಿ ಮತ್ತೆ ಗೆದ್ದ, 1887ರಿಂದ ಕಾರ್ಯಕಾರಿ ಮಂಡಳಿಯ ಅಧ್ಯಕ್ಷನಾಗಿ ಮಂತ್ರಿಮಂಡಲದಲ್ಲಿ ಕುಳಿತ, 1889ರ ಏಪ್ರಿಲ್ 12ರಂದು ಅಧಿಕಾರದಲ್ಲಿದ್ದಾಗಲೇ ತೀರಿಕೊಂಡ.

ಕೆಲವು ಬರಹಗಳು ಅವನನ್ನು ಸ್ವಂತ ದುಡಿಮೆಯಿಂದ ಮೇಲೆ ಬಂದ ಧೀರನೆಂದು ಕೊಂಡಾಡುತ್ತವೆ, ಇನ್ನು ಕೆಲವು ಹಗಲುದರೋಡೆಕೋರನೆಂದು ತೀರ್ಪು ಕೊಡುತ್ತವೆ. ನನಗೆ ಅರ್ಥವಾಗದಿರುವುದು ಬೇರೆ: ಗಣಿ, ಹಡಗು, ಹಣ ಎಲ್ಲವೂ ಕೈಯಲ್ಲಿದ್ದ ಮನುಷ್ಯ ಐವತ್ತೇಳನೆಯ ವಯಸ್ಸಿನಲ್ಲಿ ಶಾಸಕನಾಗಲು ಹೊರಟದ್ದು ಏಕೆ? ತಿಳಿದವರು ದಯವಿಟ್ಟು ಬರೆಯಿರಿ.

ನಿವೃತ್ತ ಮೇಷ್ಟ್ರು
ಒಳ್ಳೆಯ ವಿಷಯ ಎತ್ತಿದ್ದೀರಿ. ಮೊದಲಿಗೆ, ಆ ಮನುಷ್ಯನಿಗೆ ಸಲ್ಲಬೇಕಾದ ನ್ಯಾಯವನ್ನು ಸಲ್ಲಿಸಿಬಿಡೋಣ. ಏಳು ವರ್ಷದ ಹುಡುಗನಾಗಿದ್ದಾಗ ಅವನ ತಂದೆತಾಯಿ ಇಬ್ಬರೂ ತೀರಿಕೊಂಡರು. ಸೋದರ ಸಂಬಂಧದ ಹಿರಿಯ ಬಾಯ್ಡ್ ಗಿಲ್ಮೋರ್‌ನ ಕೈಕೆಳಗೆ ಗಣಿ ಕೆಲಸ ಕಲಿತ. 1850ರ ಕೊನೆಯಲ್ಲಿ ಗಿಲ್ಮೋರ್ ಹೊರಟಾಗ, ಬಸುರಿ ಹೆಂಡತಿಯನ್ನೂ ಪುಟ್ಟ ಮಕ್ಕಳನ್ನೂ ಕರೆದುಕೊಂಡು ದಕ್ಷಿಣ ಅಮೆರಿಕದ ತುದಿಯನ್ನು ಬಳಸಿ ಬರುವ ಹಡಗನ್ನು ಹತ್ತಿದ. ಕೊಲಂಬಿಯಾ ನದಿಯ ದಂಡೆಯ ಫೋರ್ಟ್ ವ್ಯಾಂಕೂವರ್‌ನಲ್ಲಿ, ಅಂದರೆ ಇಂದಿನ ಅಮೆರಿಕದ ನೆಲದಲ್ಲಿ, ಮಗ ಜೇಮ್ಸ್ ಹುಟ್ಟಿದ. ಇಷ್ಟೆಲ್ಲ ಪಾಡುಪಟ್ಟು ಬಂದವನು ಹದಿನೆಂಟು ವರ್ಷ ಪರರ ಗಣಿಗಳಲ್ಲಿ ದುಡಿದ ಮೇಲೆ ತನ್ನದೆಂಬ ಪದರವನ್ನು ಕಂಡುಕೊಂಡ. ಅದನ್ನು ಬರಿಯ ಅದೃಷ್ಟ ಎನ್ನಲಾಗದು. ಭೂಮಿಯ ಮೇಲ್ಮೈಯನ್ನು ನೋಡಿ ಒಳಗಿನ ಪದರ ಯಾವ ಕಡೆಗೆ ಇಳಿದಿದೆಯೆಂದು ಊಹಿಸುವುದು ಪುಸ್ತಕದಿಂದ ಬರುವ ವಿದ್ಯೆಯಲ್ಲ.

ಗಣಿನಾಡಿನವ
ಮೇಷ್ಟ್ರೇ, ಆ ಕಥೆಯಲ್ಲಿ ಎರಡು ಸಂಗತಿಗಳು ಬಿಟ್ಟುಹೋಗಿವೆ. ಅವನ ಅಜ್ಜ ಏರ್‌ಶೈರ್‌ನಲ್ಲಿ ಕಲ್ಲಿದ್ದಲು ಗಣಿಯ ಒಡೆಯನಾಗಿದ್ದ, ಮೊಮ್ಮಗನಿಗೆ ಒಳ್ಳೆಯ ಶಾಲೆಯ ಓದೂ ದೊರಕಿತ್ತು. ತೀರಾ ನಿರ್ಗತಿಕನ ಕಥೆಯಲ್ಲ ಇದು.

ಎರಡನೆಯದು ಇನ್ನೂ ಮುಖ್ಯವಾದದ್ದು. ಗಿಲ್ಮೋರ್ ಮತ್ತು ಡನ್ಸ್‌ಮ್ಯೂರ್ ಫೋರ್ಟ್ ರೂಪರ್ಟ್‌ಗೆ ಬಂದದ್ದೇ ಜಗಳ ಮಾಡಿ ಬಿಟ್ಟುಹೋದ ಕೆಲಸಗಾರರ ಜಾಗಕ್ಕೆ. 1850ರಲ್ಲಿ ಅಲ್ಲಿ ಮ್ಯೂರ್ ಮನೆತನದವರೂ ಇತರರೂ ಕೆಲಸ ನಿಲ್ಲಿಸಿದಾಗ ಕಂಪನಿಯು ಇಬ್ಬರಿಗೆ ಬೇಡಿ ತೊಡಿಸಿತ್ತು. ಅನಂತರ ನನೈಮೊದಲ್ಲಿ 1855ರಲ್ಲಿ ಮತ್ತೊಂದು ಮುಷ್ಕರವಾಯಿತು, ಡನ್ಸ್‌ಮ್ಯೂರ್ ಅದಕ್ಕೆ ಸೇರಲಿಲ್ಲ. ಸೇರದಿದ್ದುದಕ್ಕೆ ಪ್ರತಿಫಲವಾಗಿ, ಕೈಬಿಟ್ಟಿದ್ದ ಒಂದು ಬಾವಿಯಿಂದ ಸ್ವತಂತ್ರವಾಗಿ ಕಲ್ಲಿದ್ದಲು ತೆಗೆಯುವ ಪರವಾನಗಿಯನ್ನು ಕಂಪನಿಯು ಅವನಿಗೆ ಕೊಟ್ಟಿತು. ಅವನ ಮೊದಲ ಮೆಟ್ಟಿಲೇ ಜೊತೆಗಾರರ ಮುಷ್ಕರದ ಮೇಲೆ ಊರಿದ್ದು.

ತುಂಗಾತೀರ
ಕೆಲಸ ಬಿಡದೆ ದುಡಿದದ್ದೂ ತಪ್ಪೇ?

ಗಣಿನಾಡಿನವ
ತಪ್ಪು ಎಂದು ನಾನು ಬರೆದಿಲ್ಲ. ಮೇಲಕ್ಕೇರಿದವನಿಗೆ ಯಾರ ಕೈ ಆಸರೆಯಾಯಿತು ಎಂಬುದನ್ನೂ ಲೆಕ್ಕಕ್ಕೆ ಹಿಡಿಯಬೇಕು ಎಂದೆ.

ಹಳೇ ಲೆಕ್ಕಿಗ
ಬಂಡವಾಳದ ಲೆಕ್ಕವನ್ನು ಯಾರೂ ಎತ್ತಲಿಲ್ಲ, ಆದ್ದರಿಂದ ನಾನೇ ಬರೆಯುತ್ತೇನೆ. ಪದರ ಕಂಡ ಕೂಡಲೇ ಹಣ ಬಂದುಬಿಡುವುದಿಲ್ಲ. ಬಾವಿ ತೋಡಬೇಕು, ನೀರೆತ್ತುವ ಯಂತ್ರ ಬೇಕು, ಗಣಿಯಿಂದ ಕಡಲಿನವರೆಗೆ ಹಳಿ ಹಾಕಬೇಕು, ಹಡಗು ನಿಲ್ಲುವ ಕಟ್ಟೆ ಕಟ್ಟಬೇಕು. ಡನ್ಸ್‌ಮ್ಯೂರ್ ಬಳಿ ಅಷ್ಟು ಹಣವಿರಲಿಲ್ಲ. ಎಸ್ಕ್ವಿಮಾಲ್ಟ್ ಬಂದರಿನಲ್ಲಿ ಬ್ರಿಟಿಷ್ ನೌಕಾದಳದ ನೆಲೆಯಿತ್ತು, ಅಲ್ಲಿನ ಅಧಿಕಾರಿಗಳ ಬಳಿ ಹೂಡಲು ಹಣವೂ ಇತ್ತು, ಉಗಿಹಡಗಿಗೆ ಒಳ್ಳೆಯ ಕಲ್ಲಿದ್ದಲಿನ ಅಗತ್ಯವೂ ಇತ್ತು. ಲೆಫ್ಟಿನೆಂಟ್ ವಾಡಮ್ ಡಿಗಲ್ ಎಂಬವನೂ ಅಡ್ಮಿರಲ್ ಫಾರ್ಕರ್ ಎಂಬವನೂ ಪಾಲುದಾರರಾದರು. ‘ಡನ್ಸ್‌ಮ್ಯೂರ್, ಡಿಗಲ್ ಮತ್ತು ಕಂಪನಿ’ ಹುಟ್ಟಿದ್ದು ಹೀಗೆ. ಡಿಪಾರ್ಚರ್ ಬೇ ಎಂಬ ಕೊಲ್ಲಿಯಲ್ಲಿ ಕಟ್ಟೆ ಕಟ್ಟಿದರು. ಸರಕಿನ ದೊಡ್ಡ ಪಾಲು ಸ್ಯಾನ್ ಫ್ರಾನ್ಸಿಸ್ಕೋಗೆ ಹೋಗುತ್ತಿತ್ತು, ಎರಡನೆಯ ಮಗ ಅಲೆಕ್ಸಾಂಡರ್ ಅಲ್ಲಿ ಕುಳಿತು ಮಾರಾಟ ನೋಡಿಕೊಳ್ಳುತ್ತಿದ್ದ. 1883ರಲ್ಲಿ ಡಿಗಲ್‌ನ ಪಾಲನ್ನು ಖರೀದಿಸಲು ಡನ್ಸ್‌ಮ್ಯೂರ್ ಕೊಟ್ಟ ಬೆಲೆ 6 ಲಕ್ಷ ಡಾಲರ್.

ಇದರಲ್ಲಿ ನನಗೆ ಮೆಚ್ಚುಗೆಯಾಗುವುದು ಅವನ ಲೆಕ್ಕಾಚಾರ. ಪಾಲುದಾರರನ್ನು ಬೇಕಾದಾಗ ಕರೆತಂದ, ಬೇಡವಾದಾಗ ಬೆಲೆ ಕೊಟ್ಟು ಕಳಿಸಿದ, ಒಡೆತನ ಮಾತ್ರ ಕೊನೆಗೆ ಮನೆಯೊಳಗೇ ಉಳಿಯಿತು.

ಮಲೆನಾಡ ಮಗಳು
ಆ ಮನೆಯೊಳಗೆ ಬಂದ ಹಣಕ್ಕೆ ತೆತ್ತ ಬೆಲೆಯನ್ನೂ ಬರೆಯಬೇಕಲ್ಲವೇ ಸರ್? 1887ರಲ್ಲಿ ನನೈಮೊದ ಅವನ ಗಣಿಯಲ್ಲಿ ಸ್ಫೋಟವಾಗಿ ನೂರೈವತ್ತು ಮಂದಿ ಸತ್ತರು. ಅವನು ಮಂತ್ರಿಯಾದದ್ದೂ ಅದೇ ವರ್ಷವೇ.

ಬಂದರಿನ ಓದುಗ
ಇಲ್ಲ ಮೇಡಂ, ಇಲ್ಲಿ ಎರಡು ಘಟನೆಗಳು ಬೆರೆತುಹೋಗಿವೆ. 1887ರ ಮೇ 3ರ ಸ್ಫೋಟವಾದದ್ದು ಲಂಡನ್ನಿನ ಒಡೆತನದಲ್ಲಿದ್ದ ವ್ಯಾಂಕೂವರ್ ಕೋಲ್ ಕಂಪನಿಯ ಗಣಿಯಲ್ಲಿ. ಅದು ಡನ್ಸ್‌ಮ್ಯೂರ್‌ನ ಪ್ರತಿಸ್ಪರ್ಧಿ ಸಂಸ್ಥೆ. ಅವನ ಸ್ವಂತ ವೆಲ್ಲಿಂಗ್ಟನ್ ಗಣಿಯ ಐದನೆಯ ಬಾವಿ ಸಿಡಿದದ್ದು 1888ರ ಜನವರಿ 24ರಂದು, ಅದರಲ್ಲಿ ಸತ್ತವರು 77 ಮಂದಿ. 1879ರಲ್ಲಿಯೂ ವೆಲ್ಲಿಂಗ್ಟನ್‌ನಲ್ಲಿ ಸ್ಫೋಟವಾಗಿ ಹನ್ನೊಂದು ಜನ ಸತ್ತಿದ್ದರು.

ಆ ಪ್ರದೇಶದ ಪದರಗಳಲ್ಲಿ ಮೀಥೇನ್ ಅನಿಲ ಹೆಚ್ಚು. ಗಾಳಿಯಾಟ ಸರಿಯಿಲ್ಲದ ಸುರಂಗದಲ್ಲಿ ಅನಿಲ ಹೊತ್ತಿಕೊಂಡರೆ, ನೆಲದ ಮೇಲೂ ಗೋಡೆಯ ಮೇಲೂ ಕುಳಿತ ಕಲ್ಲಿದ್ದಲಿನ ಪುಡಿ ಮೇಲೆದ್ದು, ಬೆಂಕಿ ಒಂದು ಸುರಂಗದಿಂದ ಮತ್ತೊಂದಕ್ಕೆ ಓಡುತ್ತದೆ. ಬೆಂಕಿಯಿಂದ ಉಳಿದವರನ್ನು ಆಮೇಲೆ ತುಂಬಿಕೊಳ್ಳುವ ವಿಷಾನಿಲ ಕೊಲ್ಲುತ್ತದೆ.

ಮಲೆನಾಡ ಮಗಳು
ತಿದ್ದಿದ್ದಕ್ಕೆ ಧನ್ಯವಾದಗಳು. ಹಾಗಿದ್ದರೆ ಅವನು ಮಂತ್ರಿಮಂಡಲದಲ್ಲಿ ಕುಳಿತಿದ್ದಾಗಲೇ ಅವನ ಗಣಿಯಲ್ಲಿ 77 ಜನ ಸತ್ತರು ಎಂದಾಯಿತು. ಗಣಿ ತನಿಖಾಧಿಕಾರಿಗೆ ಸಂಬಳ ಕೊಡುವುದೂ ಪ್ರಾಂತದ ಸರ್ಕಾರವೇ ತಾನೆ? ನನ್ನ ವಾದ ಇನ್ನಷ್ಟು ಗಟ್ಟಿಯಾಯಿತೇ ಹೊರತು ಸಡಿಲವಾಗಲಿಲ್ಲ.

ಬಂದರಿನ ಓದುಗ
ಅದನ್ನು ನಾನೂ ಒಪ್ಪುತ್ತೇನೆ. ಇನ್ನೊಂದು ಮಾತು. ಈ ಎರಡೂ ದುರಂತಗಳಲ್ಲಿ ಸತ್ತವರಲ್ಲಿ ಹಲವರು ಚೀನೀ ಕೆಲಸಗಾರರು. 1887ರ ನನೈಮೊ ಪಟ್ಟಿಯಲ್ಲಿ ಬಿಳಿಯರ ಹೆಸರುಗಳಿವೆ, ಚೀನೀಯರಿಗೆ ಬರಿಯ ಸಂಖ್ಯೆಗಳಿವೆ. ಹೆಸರು ಗೊತ್ತಿಲ್ಲವೆಂಬುದೇ ಅಲ್ಲಿನ ವಿವರ. ಸಂಬಳದ ಪುಸ್ತಕದಲ್ಲೂ ಸಂಖ್ಯೆಯಾಗಿದ್ದವರು ಸಾವಿನ ಪಟ್ಟಿಯಲ್ಲೂ ಸಂಖ್ಯೆಯಾಗಿಯೇ ಉಳಿದರು.

ಇತಿಹಾಸದ ವಿದ್ಯಾರ್ಥಿ
ಚೀನೀ ಕೆಲಸಗಾರರ ಪ್ರಶ್ನೆಯನ್ನು ಶಾಸನಸಭೆಯ ಪ್ರಶ್ನೆಗೆ ಜೋಡಿಸಿ ನೋಡಿದರೆ ಮೂಲ ಬರಹಗಾರರಿಗೆ ಅರ್ಧ ಉತ್ತರ ಸಿಗುತ್ತದೆ. ಬ್ರಿಟಿಷ್ ಕೊಲಂಬಿಯಾ 1871ರಲ್ಲಿ ಕೆನಡಾಕ್ಕೆ ಸೇರಿದ ಕೆಲವೇ ವರ್ಷಗಳಲ್ಲಿ ಚೀನೀಯರಿಗೂ ಮೂಲನಿವಾಸಿಗಳಿಗೂ ಮತದಾನದ ಹಕ್ಕನ್ನು ನಿರಾಕರಿಸಿತು. ಡನ್ಸ್‌ಮ್ಯೂರ್‌ನ ಗಣಿಗಳಲ್ಲಿ ಬಿಳಿಯರು ಪಡೆಯುತ್ತಿದ್ದ ಕೂಲಿಗಿಂತ ಬಹಳ ಕಡಿಮೆಗೆ ದುಡಿಯುತ್ತಿದ್ದ ಆ ಜನರಿಗೆ ಅವನನ್ನು ಚುನಾಯಿಸುವ ಅಧಿಕಾರವೂ ಇರಲಿಲ್ಲ, ಸೋಲಿಸುವ ಅಧಿಕಾರವೂ ಇರಲಿಲ್ಲ. ಮತವಿದ್ದ ಬಿಳಿಯ ಕೆಲಸಗಾರರಿಗೆ ಚೀನೀಯರ ಮೇಲೆ ಸಿಟ್ಟಿತ್ತು, ಏಕೆಂದರೆ ಮುಷ್ಕರ ಹೂಡಿದಾಗ ಅವರ ಜಾಗಕ್ಕೆ ಚೀನೀಯರನ್ನು ಇಳಿಸುವ ಬೆದರಿಕೆ ಸದಾ ಇತ್ತು. ಶಾಸನಸಭೆಯೋ ವರ್ಷವರ್ಷವೂ ಚೀನೀಯರ ವಿರುದ್ಧ ಕಾಯಿದೆ ತರಲು ಹವಣಿಸುತ್ತಿತ್ತು. ಅಗ್ಗದ ಕೂಲಿಯನ್ನು ನೆಚ್ಚಿಕೊಂಡ ಗಣಿಯ ಒಡೆಯನಿಗೆ ಅಂಥ ಸಭೆಯ ಒಳಗಿರುವುದೇ ಕ್ಷೇಮ.

ತುಂಗಾತೀರ
ಕಾಲವೇ ಹಾಗಿತ್ತು. ಹತ್ತೊಂಬತ್ತನೆಯ ಶತಮಾನದ ಗಣಿಯೊಡೆಯನನ್ನು ಇಂದಿನ ಕಾರ್ಮಿಕ ಕಾಯಿದೆಯ ಕನ್ನಡಕದಿಂದ ನೋಡುವುದು ಸರಿಯಲ್ಲ. ಎಲ್ಲರೂ ಮಾಡಿದ್ದನ್ನೇ ಅವನೂ ಮಾಡಿದ.

ಗಣಿನಾಡಿನವ
ಎಲ್ಲರೂ ಮಾಡಲಿಲ್ಲ ಎಂಬುದೇ ಇಲ್ಲಿನ ತೊಡಕು. ಅದೇ ಊರಿನಲ್ಲಿ, ಅದೇ ದಶಕದಲ್ಲಿ, ವ್ಯಾಂಕೂವರ್ ಕೋಲ್ ಕಂಪನಿಯ ವ್ಯವಸ್ಥಾಪಕ ಸ್ಯಾಮ್ಯುಯೆಲ್ ರಾಬಿನ್ಸ್ ಕೆಲಸಗಾರರಿಗೆ ಐದೈದು ಎಕರೆಯ ತುಂಡುಗಳನ್ನು ಒದಗಿಸಿಕೊಟ್ಟ, ಮುಂದೆ ಅವರ ಸಂಘವನ್ನೂ ಮಾನ್ಯಮಾಡಿದ. ಇತ್ತ ಡನ್ಸ್‌ಮ್ಯೂರ್ ಮನೆತನ ಸಂಘವೆಂಬ ಮಾತನ್ನು ಕೇಳಲೂ ಸಿದ್ಧವಿರಲಿಲ್ಲ.

1877ರ ವೆಲ್ಲಿಂಗ್ಟನ್ ಮುಷ್ಕರವನ್ನೇ ತೆಗೆದುಕೊಳ್ಳಿ. ಗಣಿ ಕೆಲಸಗಾರನಿಗೆ ಕೂಲಿ ಟನ್ನಿನ ಲೆಕ್ಕದಲ್ಲಿ. ಕೂಲಿಯ ದರ ಇಳಿಸಿದ್ದು ಒಂದು ಸಿಟ್ಟು, ಒಡೆಯನ ತಕ್ಕಡಿಯೇ ಸುಳ್ಳು ಹೇಳುತ್ತದೆಯೆಂಬುದು ಅವರ ಇನ್ನೊಂದು ದೂರು. ಬೆಳಗಿನಿಂದ ಸಂಜೆಯವರೆಗೆ ಮಂಡಿಯೂರಿ ಒಡೆದು ತುಂಬಿದ ಗಾಡಿಯನ್ನು ಮೇಲೆ ಕಳುಹಿಸಿದರೆ, ಅದರಲ್ಲಿ ಎಷ್ಟಿದೆಯೆಂದು ನಿರ್ಧರಿಸುವವನು ಒಡೆಯನ ಆಳು. ಡನ್ಸ್‌ಮ್ಯೂರ್ ಸ್ಯಾನ್ ಫ್ರಾನ್ಸಿಸ್ಕೋದಿಂದ ಬದಲಿ ಜನರನ್ನು ಕರೆಸಿದ. ಮುಷ್ಕರ ಹೂಡಿದವರು ಕಂಪನಿಯ ಮನೆಗಳನ್ನು ಬಿಡಲಿಲ್ಲ. ಆಗ ಪ್ರಾಂತದ ಸರ್ಕಾರ ಸಶಸ್ತ್ರ ಪಡೆಯನ್ನು ಕಳುಹಿಸಿ, ಹೆಂಡತಿ ಮಕ್ಕಳ ಸಮೇತ ಅವರನ್ನು ಮನೆಯಿಂದ ಹೊರಹಾಕಿಸಿತು.

ಬರ್ನಬಿಯವರೇ, ನಿಮ್ಮ ಪ್ರಶ್ನೆಗೆ ನನ್ನ ಉತ್ತರ ಇದು. ಸರ್ಕಾರ ತನ್ನ ಪರವಾಗಿ ಬಂದರೆ ಎಷ್ಟು ಉಪಯೋಗವೆಂಬುದನ್ನು ಅವನು 1877ರಲ್ಲಿ ಕಣ್ಣಾರೆ ಕಂಡ. ಐದು ವರ್ಷಗಳ ನಂತರ ತಾನೇ ಅದರೊಳಗೆ ಹೋಗಿ ಕುಳಿತ.

ವಕೀಲರ ಕೊಠಡಿ
ಮುಷ್ಕರ ಒಂದು ಕಾರಣವಿರಬಹುದು, ಆದರೆ ದೊಡ್ಡ ಕಾರಣ ರೈಲು. ದಿನಾಂಕಗಳನ್ನು ಸಾಲಾಗಿ ಇಟ್ಟು ನೋಡಿ.

ಕೆನಡಾಕ್ಕೆ ಸೇರುವಾಗ ಬ್ರಿಟಿಷ್ ಕೊಲಂಬಿಯಾಕ್ಕೆ ಸಿಕ್ಕ ಮುಖ್ಯ ವಾಗ್ದಾನವೆಂದರೆ, ಎರಡು ವರ್ಷಗಳಲ್ಲಿ ರೈಲುದಾರಿಯ ಕೆಲಸ ಆರಂಭವಾಗಿ ಹತ್ತು ವರ್ಷಗಳಲ್ಲಿ ಮುಗಿಯಬೇಕೆಂಬುದು. 1873ರಲ್ಲಿ ದ್ವೀಪದ ಎಸ್ಕ್ವಿಮಾಲ್ಟನ್ನೇ ಕೊನೆಯ ನಿಲ್ದಾಣವೆಂದು ಘೋಷಿಸಿದ್ದರು. ಆಮೇಲೆ ದಾರಿ ಮುಖ್ಯಭೂಮಿಯಲ್ಲೇ ಮುಗಿಯುವುದೆಂದು ತೀರ್ಮಾನವಾದಾಗ ದ್ವೀಪದವರು ಸಿಡಿದೆದ್ದರು. ಅವರ ಸಮಾಧಾನಕ್ಕಾಗಿ ಎಸ್ಕ್ವಿಮಾಲ್ಟ್‌ನಿಂದ ನನೈಮೊಗೆ ಪ್ರತ್ಯೇಕ ರೈಲು ಹಾಕಿಸುವ ಮಾತು ಹುಟ್ಟಿಕೊಂಡಿತು.

1882ರಲ್ಲಿ ಡನ್ಸ್‌ಮ್ಯೂರ್ ಶಾಸಕನಾದ. 1883ರ ಆಗಸ್ಟ್‌ನಲ್ಲಿ ಆ ರೈಲು ಕಟ್ಟುವ ಗುತ್ತಿಗೆ ಅವನ ಕೂಟಕ್ಕೆ ಸಿಕ್ಕಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಅದಕ್ಕೆ ಬೇಕಾದ ಕಾಯಿದೆಯನ್ನು ಅವನು ಸದಸ್ಯನಾಗಿದ್ದ ಶಾಸನಸಭೆಯೇ ಅಂಗೀಕರಿಸಿತು, ಮರುವರ್ಷ ಕೇಂದ್ರದ ಕಾಯಿದೆಯೂ ಬಂದಿತು. ಪ್ರತಿಫಲ ಏನೆಂದರೆ, 7.5 ಲಕ್ಷ ಡಾಲರ್ ನಗದು, ಜೊತೆಗೆ 20 ಲಕ್ಷ ಎಕರೆಗೆ ಸಮೀಪದಷ್ಟು ಭೂಮಿ. ಅದು ವ್ಯಾಂಕೂವರ್ ದ್ವೀಪದ ಸುಮಾರು ಐದನೆಯ ಒಂದು ಭಾಗ. ಭೂಮಿಯೆಂದರೆ ಬರಿಯ ಮಣ್ಣಲ್ಲ, ಅದರ ಮೇಲಿನ ಮರ ಮತ್ತು ಅದರ ಕೆಳಗಿನ ಕಲ್ಲಿದ್ದಲು ಸಹಿತ.

ಅವನ ಪಾಲುದಾರರಲ್ಲಿ ಕ್ಯಾಲಿಫೋರ್ನಿಯಾದ ರೈಲು ಒಡೆಯರಾದ ಚಾರ್ಲ್ಸ್ ಕ್ರಾಕರ್, ಕಾಲಿಸ್ ಹಂಟಿಂಗ್ಟನ್, ಲೆಲ್ಯಾಂಡ್ ಸ್ಟ್ಯಾನ್‌ಫರ್ಡ್ ಇದ್ದರು. ಸ್ಟ್ಯಾನ್‌ಫರ್ಡ್ ಕೂಡ ವ್ಯಾಪಾರಿಯಾಗಿದ್ದು ಕ್ಯಾಲಿಫೋರ್ನಿಯಾದ ಗವರ್ನರ್ ಆದವನು. ವ್ಯಾಪಾರದಿಂದ ಅಧಿಕಾರಕ್ಕೂ ಅಧಿಕಾರದಿಂದ ರೈಲಿಗೂ ಹೋಗುವ ದಾರಿಯನ್ನು ಡನ್ಸ್‌ಮ್ಯೂರ್ ತಾನಾಗಿ ಕಂಡುಹಿಡಿಯಬೇಕಾಗಿರಲಿಲ್ಲ, ಪಕ್ಕದಲ್ಲೇ ಕುಳಿತವರು ನಡೆದು ತೋರಿಸಿದ್ದರು.

ನಿವೃತ್ತ ಮೇಷ್ಟ್ರು
ವಕೀಲರು ದಿನಾಂಕಗಳನ್ನು ಸರಿಯಾಗಿ ಜೋಡಿಸಿದ್ದಾರೆ. ಆದರೆ ದಿನಾಂಕಗಳ ನಡುವಿನ ಖಾಲಿ ಜಾಗಕ್ಕೆ ಸಂಚನ್ನು ತುಂಬಿದವರೂ ಅವರೇ. ಆ ರೈಲು ದ್ವೀಪದ ಜನ ಹತ್ತು ವರ್ಷ ಬೇಡಿದ ರೈಲು. ಅಷ್ಟು ಕಡಿಮೆ ಜನವಸತಿಯ ಕಾಡುಬೆಟ್ಟದಲ್ಲಿ ಹಣ ಹೂಡಲು ಹೊರಗಿನ ಬಂಡವಾಳಿಗರು ಹಿಂಜರಿದರು. ಡನ್ಸ್‌ಮ್ಯೂರ್ ಸ್ಥಳೀಯ, ಹಣವಂತ, ಅವನ ಕಲ್ಲಿದ್ದಲನ್ನು ಸಾಗಿಸಲು ರೈಲು ಉಪಯುಕ್ತ. ಸರ್ಕಾರಕ್ಕೆ ಅವನು ಬೇಕಾಗಿದ್ದ. ಜೊತೆಗೆ, ಒಪ್ಪಿಕೊಂಡ ಕೆಲಸವನ್ನು ಅವನು ಮುಗಿಸಿಕೊಟ್ಟ. ಇದೇನು ಸಣ್ಣ ಮಾತೇ? ನಮ್ಮಲ್ಲಿ ಶಂಕುಸ್ಥಾಪನೆಯ ಕಲ್ಲಿಗೆ ಪಾಚಿ ಹಿಡಿದರೂ ಹಳಿ ಬಾರದ ಯೋಜನೆಗಳು ಎಷ್ಟಿಲ್ಲ?

ರೈಲು ಹವ್ಯಾಸಿ
ಮೇಷ್ಟ್ರ ಮಾತಿಗೆ ಸ್ವಲ್ಪ ಸಾಮಗ್ರಿ ಸೇರಿಸುತ್ತೇನೆ. ಎಸ್ಕ್ವಿಮಾಲ್ಟ್‌ನಿಂದ ನನೈಮೊವರೆಗಿನ ಸುಮಾರು 115 ಕಿಲೋಮೀಟರ್ ದಾರಿ 1886ರಲ್ಲೇ ಮುಗಿಯಿತು. ಅದೇ ವರ್ಷದ ಆಗಸ್ಟ್ 13ರಂದು ಶಾನಿಗನ್ ಸರೋವರದ ಬಳಿಯ ಕ್ಲಿಫ್‌ಸೈಡ್‌ನಲ್ಲಿ ಪ್ರಧಾನಿ ಜಾನ್ ಎ. ಮ್ಯಾಕ್ಡೊನಾಲ್ಡ್ ಕೊನೆಯ ಮೊಳೆಯನ್ನು ಬಡಿದರು. ಬ್ರಿಟಿಷ್ ಕೊಲಂಬಿಯಾಕ್ಕೆ ಅವರು ಭೇಟಿ ಕೊಟ್ಟದ್ದು ಆಗ ಮಾತ್ರ. ತಮಾಷೆಯೆಂದರೆ, 1878ರಿಂದ 1882ರವರೆಗೆ ಅವರು ವಿಕ್ಟೋರಿಯಾ ಕ್ಷೇತ್ರದ ಸಂಸದರಾಗಿದ್ದರು. ತಮ್ಮ ಕ್ಷೇತ್ರವನ್ನು ಕಣ್ಣಿಂದ ನೋಡಿದ್ದು ಆ ಸ್ಥಾನ ಬಿಟ್ಟ ಮೇಲೆ! 1888ರಲ್ಲಿ ಹಳಿ ವಿಕ್ಟೋರಿಯಾ ನಗರದೊಳಕ್ಕೂ ಬಂದಿತು. ಆ ದಾರಿಯಲ್ಲಿ ಪ್ರಯಾಣಿಕರ ರೈಲು ನಿಂತದ್ದು 2011ರಲ್ಲಿ.

ವಕೀಲರ ಕೊಠಡಿ
ರೈಲು ಬೇಡವಾಗಿತ್ತೆಂದು ನಾನು ಹೇಳಲಿಲ್ಲ ಮೇಷ್ಟ್ರೇ. ನೂರು ಚಿಲ್ಲರೆ ಕಿಲೋಮೀಟರ್ ಹಳಿಗೆ ದ್ವೀಪದ ಐದನೆಯ ಒಂದು ಭಾಗವೇ ಎಂಬುದು ನನ್ನ ಪ್ರಶ್ನೆ. ಆ ಬೆಲೆಯನ್ನು ಒಪ್ಪಿದ ಸಭೆಯಲ್ಲಿ ಪಡೆಯುವವನೂ ಒಬ್ಬ ಸದಸ್ಯನಾಗಿ ಕುಳಿತಿದ್ದ. ಅವನು ಒಳಸಂಚು ಮಾಡಿದನೆಂದು ನಾನು ಸಾಧಿಸಬೇಕಾಗಿಲ್ಲ. ಸಂಚಿನ ಅಗತ್ಯವೇ ಬೀಳದಷ್ಟು ಎಲ್ಲವೂ ಬಹಿರಂಗವಾಗಿಯೇ ನಡೆಯಿತು.

ಬಂಗಾರಪೇಟೆ ಬಂಧು
ನಮ್ಮ ತಾತ ಕೋಲಾರದ ಚಿನ್ನದ ಗಣಿಯಲ್ಲಿ ದುಡಿದವರು, ಆದ್ದರಿಂದ ಈ ಚರ್ಚೆಯನ್ನು ಬಿಡದೆ ಓದುತ್ತಿದ್ದೇನೆ. ಹೋಲಿಕೆ ಪೂರ್ತಿಯಾಗಿ ಕೂಡುವುದಿಲ್ಲವೆಂದು ಗೊತ್ತು, ಆದರೂ ಒಂದು ವ್ಯತ್ಯಾಸ ಎದ್ದು ಕಾಣುತ್ತದೆ. 1880ರ ಸುಮಾರಿಗೆ ಲಂಡನ್ನಿನ ಜಾನ್ ಟೇಲರ್ ಸಂಸ್ಥೆ ಕೋಲಾರಕ್ಕೆ ಬಂದಾಗ ಮೈಸೂರು ಸಂಸ್ಥಾನ ಆ ನೆಲವನ್ನು ಗುತ್ತಿಗೆಗೆ ಕೊಟ್ಟಿತೇ ಹೊರತು ಬರೆದುಕೊಡಲಿಲ್ಲ. ತೆಗೆದ ಚಿನ್ನದ ಮೇಲೆ ಸಂಸ್ಥಾನಕ್ಕೆ ರಾಯಧನ ಬರುತ್ತಿತ್ತು. 1902ರಲ್ಲಿ ಶಿವನಸಮುದ್ರದಿಂದ ಗಣಿಗೆ ವಿದ್ಯುತ್ ಹರಿದಾಗ ಅದರಿಂದಲೂ ಸಂಸ್ಥಾನಕ್ಕೆ ಆದಾಯವಾಯಿತು. ಕಂಪನಿಯು ಕೊಂಡೊಯ್ದದ್ದೇ ಹೆಚ್ಚು, ಅದರಲ್ಲಿ ಎರಡು ಮಾತಿಲ್ಲ. ಆದರೆ ನೆಲದ ಮೇಲಿನ ಹಕ್ಕು ಕೈತಪ್ಪಲಿಲ್ಲ. ಬ್ರಿಟಿಷ್ ಕೊಲಂಬಿಯಾ ತನ್ನದೇ ಶಾಸಕನಿಗೆ ಮಣ್ಣು, ಮರ, ಖನಿಜ ಮೂರನ್ನೂ ಉಂಬಳಿ ಬರೆದುಕೊಟ್ಟಂತೆ ಕೊಟ್ಟುಬಿಟ್ಟಿತು.

ಇತಿಹಾಸದ ವಿದ್ಯಾರ್ಥಿ
ಬಂಗಾರಪೇಟೆಯವರ ಮಾತು ಸರಿಯಾದ ಜಾಗಕ್ಕೆ ತಾಕಿದೆ. ಅದಕ್ಕೂ ಹಿಂದಿನ ಪ್ರಶ್ನೆ, ಕೊಡಲು ಆ ನೆಲ ಸರ್ಕಾರದ್ದಾಗಿತ್ತೇ ಎಂಬುದು. ನನೈಮೊದ ಕಲ್ಲಿದ್ದಲನ್ನು ಬಿಳಿಯರಿಗೆ ತೋರಿಸಿಕೊಟ್ಟವನೇ ಸ್ನುನೇಮುಕ್ಸ್ ಜನಾಂಗದ ಒಬ್ಬ ಮುಖಂಡ. ಆ ಜನರೊಡನೆ 1854ರಲ್ಲಿ ಒಂದು ಒಪ್ಪಂದವಾದರೂ ಆಗಿತ್ತು. ಆದರೆ ರೈಲಿಗೆಂದು ಕೊಟ್ಟ ಭೂಮಿಯ ಬಹುಭಾಗದಲ್ಲಿ ವಾಸವಿದ್ದ ಹಲ್ಕಮಿನಮ್ ಜನರೊಡನೆ ಯಾವ ಒಪ್ಪಂದವೂ ಆಗಿರಲಿಲ್ಲ. 2007ರಲ್ಲಿ ಅವರು ಈ ಅನ್ಯಾಯವನ್ನು ಅಮೆರಿಕ ಖಂಡಗಳ ಮಾನವ ಹಕ್ಕುಗಳ ಆಯೋಗದ ಮುಂದಿಟ್ಟರು, 2009ರಲ್ಲಿ ಆಯೋಗವು ಆ ದೂರನ್ನು ವಿಚಾರಣೆಗೆ ಅರ್ಹವೆಂದು ಒಪ್ಪಿತು. ಡನ್ಸ್‌ಮ್ಯೂರ್ ಬಗ್ಗೆ ಮಕ್ಕಳಿಗೆ ಬರೆಯುವಾಗ ಈ ಭಾಗವನ್ನು ಖಂಡಿತ ಬಿಡಬೇಡಿ.

ವಿಕ್ಟೋರಿಯಾ ಗೃಹಿಣಿ
ಇಷ್ಟೆಲ್ಲ ಗಂಭೀರ ಚರ್ಚೆಯ ನಡುವೆ ಕೋಟೆಯ ಮಾತು ಬರಲಿಲ್ಲವಲ್ಲ! ಊರಿನಿಂದ ಯಾರು ಬಂದರೂ ನಾವು ಮೊದಲು ಕರೆದೊಯ್ಯುವುದು ಡನ್ಸ್‌ಮ್ಯೂರ್ ಕಟ್ಟಿಸಿದ ಕ್ರೇಗ್‌ಡ್ಯಾರಕ್ ಕೋಟೆಗೇ. 1887ರಲ್ಲಿ ಕಟ್ಟಲು ಆರಂಭಿಸಿದ ಆ ಮನೆಯಲ್ಲಿ 39 ಕೋಣೆಗಳಿವೆ, ಗೋಪುರದವರೆಗೆ 87 ಮೆಟ್ಟಿಲುಗಳಿವೆ. ಬಾಗಿಲು ದಾಟಿದ ಕೂಡಲೇ ಕಾಣುವ ಓಕ್ ಮರದ ಮೆಟ್ಟಿಲಸಾಲನ್ನು ಷಿಕಾಗೋದಲ್ಲಿ ಮಾಡಿಸಿ, ಬಿಡಿ ಭಾಗಗಳಾಗಿ ತರಿಸಿ ಜೋಡಿಸಿದರಂತೆ. ಗೋಡೆಯ ಮರದ ಹಲಗೆಯ ಮೇಲೆ ಕೈಯಾಡಿಸಿದರೆ ಒಂದು ಕಡೆಯೂ ಸಂದು ಸಿಗುವುದಿಲ್ಲ. ಪರದೇಶಕ್ಕೆ ಹೊರಡಲು ಒಪ್ಪದ ಹೆಂಡತಿ ಜೋನ್‌ಗೆ, ನಿನಗೊಂದು ಕೋಟೆ ಕಟ್ಟಿಸಿಕೊಡುತ್ತೇನೆಂದು ಮಾತುಕೊಟ್ಟಿದ್ದನೆಂಬುದು ದಂತಕಥೆ. ಅವನಂತೂ ಅದರಲ್ಲಿ ಒಂದು ದಿನವೂ ವಾಸಿಸಲಿಲ್ಲ. 1890ರಲ್ಲಿ ವಿಧವೆ ಜೋನ್ ಮದುವೆಯಾಗದ ಹೆಣ್ಣುಮಕ್ಕಳೊಡನೆ ಅಲ್ಲಿಗೆ ಬಂದರು.

1908ರಲ್ಲಿ ಜೋನ್ ತೀರಿಕೊಂಡ ಮೇಲೆ ಕೋಟೆಯ ಸುತ್ತಲಿನ ಜಮೀನನ್ನು ನಿವೇಶನಗಳಾಗಿ ಹಂಚಿ ಮಾರಿದರು. ಕೊಂಡವರ ಹೆಸರಿನಲ್ಲಿ ಚೀಟಿ ಎತ್ತಿ, ಗೆದ್ದವನಿಗೆ ಕೋಟೆಯನ್ನೇ ಬಹುಮಾನವಾಗಿ ಕೊಟ್ಟರು. ಗೆದ್ದ ಸಾಲೊಮನ್ ಕ್ಯಾಮರೂನ್ ಅದನ್ನು ಅಡವಿಟ್ಟು ಕಳೆದುಕೊಂಡ. ಆಮೇಲೆ ಅದು ಸೈನಿಕರ ಆಸ್ಪತ್ರೆಯಾಯಿತು, ಕಾಲೇಜಾಯಿತು, ಸಂಗೀತ ಶಾಲೆಯಾಯಿತು, ಈಗ ವಸ್ತುಸಂಗ್ರಹಾಲಯ.

ತುಂಗಾತೀರ
ಕೋಟೆಗೆ ಚೀಟಿ ಎತ್ತಿದರೇ! ಇದನ್ನು ಲೇಖನದಲ್ಲಿ ಹಾಕದಿದ್ದರೆ ಮಕ್ಕಳು ಮಿಕ್ಕದ್ದನ್ನು ಓದುವುದಿಲ್ಲ.

ಹಳೇ ಲೆಕ್ಕಿಗ
ಕೋಟೆಗಿಂತ ಉಯಿಲಿನ ಕಥೆ ರೋಚಕ. ಇಬ್ಬರು ಗಂಡುಮಕ್ಕಳೂ ಹರೆಯದಿಂದಲೇ ವ್ಯವಹಾರದಲ್ಲಿ ಬೆವರು ಹರಿಸಿದ್ದರು, ತಂದೆಯ ಕಾಲವಾದ ಮೇಲೆ ಅದು ತಮಗೇ ಎಂದು ನಂಬಿದ್ದರು. ಉಯಿಲು ತೆರೆದಾಗ ಸರ್ವಸ್ವವೂ ತಾಯಿಯ ಹೆಸರಿನಲ್ಲಿತ್ತು. ಅವರು ಹತ್ತು ವರ್ಷ ಕಾದು, ಬೇಡಿ, ಹಣ ತೆತ್ತು ಒಂದೊಂದಾಗಿ ವಹಿವಾಟನ್ನು ಕೈಗೆ ತೆಗೆದುಕೊಳ್ಳಬೇಕಾಯಿತು. 1900ರಲ್ಲಿ ಅಲೆಕ್ಸಾಂಡರ್ ತೀರಿಕೊಂಡಾಗ ಅವನ ಪಾಲು ಅಣ್ಣನಿಗೆ ಹೋಯಿತು. ಆಗ ತಾಯಿಯೇ ಜೇಮ್ಸ್ ವಿರುದ್ಧ ನ್ಯಾಯಾಲಯಕ್ಕೆ ಹೋದರು, ಅಲೆಕ್ಸಾಂಡರ್‌ನ ಹೆಂಡತಿಯ ಮಗಳಾದ ನಟಿ ಎಡ್ನಾ ವಾಲೆಸ್ ಹಾಪರ್ ಕೂಡ ದಾವೆ ಹೂಡಿದಳು. ಗೆದ್ದದ್ದು ಜೇಮ್ಸ್. ಆ ಹೊತ್ತಿಗೆ ತಾಯಿ ಮಗನ ನಡುವೆ ಮಾತುಕತೆ ಉಳಿದಿರಲಿಲ್ಲ.

ಮಲೆನಾಡ ಮಗಳು
ಎಲ್ಲರೂ ಇದನ್ನು ಹಟಮಾರಿ ವಿಧವೆಯ ಕಥೆಯಾಗಿಯೇ ಬರೆಯುತ್ತಾರೆ. ಹತ್ತು ಮಕ್ಕಳನ್ನು ಸಾಕಿದ, ಮರದ ಗುಡಿಸಲಿನಿಂದ ಸಂಸಾರ ಆರಂಭಿಸಿದ ಹೆಂಗಸು ತನ್ನ ಹೆಸರಿಗೆ ಬಂದ ಆಸ್ತಿಯನ್ನು ತನ್ನದೆಂದು ಭಾವಿಸಿದ್ದು ಹಟವೇ? ಎಂಟು ಹೆಣ್ಣುಮಕ್ಕಳಿಗೂ ಏನಾದರೂ ಉಳಿಯಬೇಕಲ್ಲ?

ಹಳೇ ಲೆಕ್ಕಿಗ
ಹಟವೆಂಬ ಮಾತನ್ನು ನಾನು ಬಳಸಲಿಲ್ಲ. ಆದರೂ ನಿಮ್ಮ ಆಕ್ಷೇಪ ನ್ಯಾಯವಾದದ್ದು. ವ್ಯವಹಾರ ಗಂಡುಮಕ್ಕಳದ್ದೇ ಎಂದು ಇತಿಹಾಸಕಾರರು ಮೊದಲೇ ತೀರ್ಮಾನಿಸಿಬಿಡುತ್ತಾರೆ.

ಬಂದರಿನ ಓದುಗ
ಜೇಮ್ಸ್ ಕೂಡ ತಂದೆಯ ದಾರಿಯಲ್ಲೇ ನಡೆದು ರಾಜಕಾರಣಕ್ಕೆ ಬಂದ, 1900ರಿಂದ 1902ರವರೆಗೆ ಪ್ರಾಂತದ ಪ್ರೀಮಿಯರ್, ಅಂದರೆ ಮುಖ್ಯಮಂತ್ರಿ, ಆಗಿದ್ದ, 1906ರಿಂದ 1909ರವರೆಗೆ ಲೆಫ್ಟಿನೆಂಟ್ ಗವರ್ನರ್ ಆಗಿದ್ದ. 1907ರಲ್ಲಿ ಏಷ್ಯಾದವರ ವಲಸೆಗೆ ತಡೆಯೊಡ್ಡುವ ಮಸೂದೆಗೆ ಅವನು ಅಂಕಿತ ಹಾಕಲಿಲ್ಲ. ಅದನ್ನು ಉದಾರಬುದ್ಧಿಯೆಂದು ಹೊಗಳುವ ಮೊದಲು, ಅವನ ಸ್ವಂತ ಗಣಿಗಳು ತಮಗೆ ಜಪಾನೀ ಕೆಲಸಗಾರರನ್ನು ಪೂರೈಸುವಂತೆ ಒಂದು ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿದ್ದವೆಂಬುದನ್ನು ನೆನಪಿಡಬೇಕು. ಆ ವರ್ಷದ ಸೆಪ್ಟೆಂಬರ್ 7ರಂದು ವ್ಯಾಂಕೂವರ್‌ನಲ್ಲಿ ಸೇರಿದ ಗುಂಪು ಅವನ ಪ್ರತಿಕೃತಿಯನ್ನು ಸುಟ್ಟು, ಚೀನೀ ಮತ್ತು ಜಪಾನೀ ಕೇರಿಗಳ ಮೇಲೆ ಬಿದ್ದಿತು. ಒಡೆಯನ ಮೇಲಿನ ಸಿಟ್ಟಿಗೆ ಅಂಗಡಿಯ ಗಾಜು ಒಡೆಸಿಕೊಂಡವರು ಆ ಬಡಪಾಯಿಗಳು.

ವಕೀಲರ ಕೊಠಡಿ
ಇದಕ್ಕೆ ನ್ಯಾಯಾಲಯದ ಪೂರ್ವಕಥೆಯೂ ಇದೆ. ಚೀನೀಯರು ಗಣಿಯೊಳಗೆ ಇಳಿಯಬಾರದೆಂಬ ಪ್ರಾಂತದ ಕಾಯಿದೆ ಬಂದಿತ್ತು. ಡನ್ಸ್‌ಮ್ಯೂರ್‌ನ ಅಳಿಯ ಜಾನ್ ಬ್ರೈಡನ್ ತಾನು ಷೇರುದಾರನಾಗಿದ್ದ, ಅದೇ ಮನೆತನದ ಯೂನಿಯನ್ ಕಾಲಿಯರಿ ಕಂಪನಿಯ ಮೇಲೆಯೇ, ಈ ಕಾಯಿದೆಯನ್ನು ಪಾಲಿಸುತ್ತಿಲ್ಲವೆಂದು ದಾವೆ ಹೂಡಿದ. ಪ್ರಕರಣ ಆಗ ಸಾಮ್ರಾಜ್ಯದ ಕೊನೆಯ ಮೇಲ್ಮನವಿ ನ್ಯಾಯಪೀಠವಾಗಿದ್ದ ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೆ ಹೋಗಿ, 1899ರಲ್ಲಿ ಅಂಥ ಕಾಯಿದೆ ಮಾಡುವ ಅಧಿಕಾರ ಪ್ರಾಂತಕ್ಕಿಲ್ಲವೆಂದು ತೀರ್ಪಾಯಿತು. ಅಳಿಯ ಸೋತ, ಮನೆತನ ಗೆದ್ದಿತು. ಸೋಲಲೆಂದೇ ಹೂಡಿದ ದಾವೆಯೆಂದು ನಾನು ಓದುತ್ತೇನೆ. ಬೇರೆ ಬಗೆಯಲ್ಲಿ ಓದುವವರು ಕಾರಣ ಕೊಡಲಿ.

ನಿವೃತ್ತ ಮೇಷ್ಟ್ರು
ಆ ಮಟ್ಟಿಗೆ ನನ್ನದೂ ಒಪ್ಪಿಗೆಯಿದೆ. ಆದರೂ ಮಗನ ಮತ್ತು ಅಳಿಯನ ಲೆಕ್ಕವನ್ನು ತಂದೆಯ ಖಾತೆಗೆ ಹಾಕುವಾಗ ಎಚ್ಚರವಿರಲಿ. ರಾಬರ್ಟ್ ಶಾಸಕನಾಗಿದ್ದದ್ದು ಏಳು ವರ್ಷ ಮಾತ್ರ. ಅವನ ಶವಯಾತ್ರೆಗೆ ವಿಕ್ಟೋರಿಯಾದಲ್ಲಿ ಅಪಾರ ಜನ ಸೇರಿದ್ದರು. ಅವರೆಲ್ಲರೂ ಬಾಡಿಗೆಯ ಜನರಾಗಿರಲಿಲ್ಲ.

ಗಣಿನಾಡಿನವ
ವಿಕ್ಟೋರಿಯಾದಲ್ಲಿ ಸೇರಿದ್ದರು, ಸರಿ. ಅವನ ಹಣ ಖರ್ಚಾದದ್ದೂ ಅಲ್ಲಿಯೇ.

ಬರ್ನಬಿ ಕನ್ನಡಿಗ
ಕೇಳಿದ್ದಕ್ಕಿಂತ ಹೆಚ್ಚನ್ನೇ ಕೊಟ್ಟಿದ್ದೀರಿ. ಒಂದು ವಿವರ ಮಾತ್ರ ಇನ್ನೂ ಸ್ಪಷ್ಟವಾಗಿಲ್ಲ. ಆ 20 ಲಕ್ಷ ಎಕರೆ ಆಮೇಲೆ ಏನಾಯಿತು? ರೈಲಿಗೂ ಮೊದಲೇ ಅಲ್ಲಿ ಉಳುಮೆ ಮಾಡಿಕೊಂಡಿದ್ದ ಬಿಳಿಯ ಒಕ್ಕಲುಗಳ ಗತಿಯೇನಾಯಿತು?

ವಕೀಲರ ಕೊಠಡಿ
ಒಕ್ಕಲುಗಳಿಗೆ ಎಕರೆಗೆ ಒಂದು ಡಾಲರಿನಂತೆ ಜಮೀನು ಕೊಳ್ಳಲು ಅವಕಾಶವಿತ್ತು, ಆದರೆ ಕೆಳಗಿನ ಕಲ್ಲಿದ್ದಲು ರೈಲು ಕಂಪನಿಯದೆಂದು ಕಂಪನಿ ಹಟ ಹಿಡಿಯಿತು. 1904ರಲ್ಲಿ ಪ್ರಾಂತದ ಶಾಸನಸಭೆ ಒಕ್ಕಲುಗಳ ಹಕ್ಕಿನ ಕಾಯಿದೆಯನ್ನು ತಂದಿತು, ಅದರ ಮೇಲೂ ವ್ಯಾಜ್ಯ ನಡೆದು ಪ್ರಿವಿ ಕೌನ್ಸಿಲ್‌ಗೆ ಹೋಯಿತು. ತಂದೆಯ ಕಾಲದಲ್ಲಿ ಎಲ್ಲವನ್ನೂ ಬಿಟ್ಟುಕೊಟ್ಟ ಸಭೆ ಮಗನ ಕಾಲಕ್ಕೆ ಸ್ವಲ್ಪವನ್ನಾದರೂ ಹಿಂದಕ್ಕೆ ಕಸಿದುಕೊಳ್ಳಲು ಹೆಣಗಿತು. 1905ರಲ್ಲಿ ಜೇಮ್ಸ್ ರೈಲನ್ನೂ ಅದರ ಭೂಮಿಯನ್ನೂ ಕೆನಡಿಯನ್ ಪೆಸಿಫಿಕ್ ಸಂಸ್ಥೆಗೆ ಮಾರಿದ, ಕಲ್ಲಿದ್ದಲಿನ ಹಕ್ಕನ್ನು ಮಾತ್ರ ಉಳಿಸಿಕೊಂಡ. 1910ರಲ್ಲಿ ಗಣಿಗಳನ್ನು 1.1 ಕೋಟಿ ಡಾಲರಿಗೆ ಮೆಕೆಂಜಿ ಮತ್ತು ಮಾನ್ ಎಂಬ ಉದ್ಯಮಿಗಳಿಗೆ ಮಾರಿದ.

ಇತಿಹಾಸದ ವಿದ್ಯಾರ್ಥಿ
ಆಮೇಲಿನ ದಶಕಗಳಲ್ಲಿ ಆ ಭೂಮಿ ತುಂಡುತುಂಡಾಗಿ ಮರದ ಕಂಪನಿಗಳ ಕೈಸೇರಿತು. ಬ್ರಿಟಿಷ್ ಕೊಲಂಬಿಯಾದ ನೆಲದಲ್ಲಿ ಇಂದಿಗೂ ಸುಮಾರು ಶೇಕಡ 94ರಷ್ಟು ಸರ್ಕಾರಿ ಭೂಮಿ. ದೊಡ್ಡ ದೊಡ್ಡ ಕಾಡುಗಳು ಖಾಸಗಿ ಒಡೆತನದಲ್ಲಿರುವುದು ಮುಖ್ಯವಾಗಿ ವ್ಯಾಂಕೂವರ್ ದ್ವೀಪದ ಪೂರ್ವ ಭಾಗದಲ್ಲಿ, ಅಂದರೆ ಹಳೆಯ ರೈಲು ದಾನದ ಗಡಿಯೊಳಗೆ. ಬರ್ನಬಿಯವರೇ, ಭೂ ಒಡೆತನದ ಭೂಪಟ ಸಿಕ್ಕರೆ ಲೇಖನದ ಜೊತೆಗೆ ಹಾಕಿ. ಬಣ್ಣ ಎಲ್ಲಿ ಬದಲಾಗುತ್ತದೆಯೆಂದು ಮಕ್ಕಳೇ ಬೆರಳಿಟ್ಟು ತೋರಿಸುತ್ತಾರೆ.